ದೊಡ್ಡಕ್ಕನ ಪಾತ್ರದಲ್ಲಿ

ಬೈಂಡರ್ ಮಾವ ಯಾವ ನಟನನ್ನೂ ಬಾಯಿತುಂಬ ಹೊಗಳಿದವರಲ್ಲ. ಮೂವತ್ತಾರು ವರ್ಷ ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದರು. ಸಂಜೆಯಾದರೆ ಸಿನಿಮಾ, ಇಲ್ಲದಿದ್ದರೆ ನಾಟಕ, ಕೊನೆಕೊನೆಗೆ ಟೀವಿ. ನೋಡಿದ್ದು ಬೆಟ್ಟದಷ್ಟು, ಬೈದದ್ದು ಅದಕ್ಕಿಂತ ಒಂದು ಹಿಡಿ ಹೆಚ್ಚು. "ಪರವಾಗಿಲ್ಲ" ಎಂಬುದೇ ಅವರು ಕೊಡುತ್ತಿದ್ದ ಅತಿ ದೊಡ್ಡ ಬಿರುದು. ಅದನ್ನು ಪಡೆದ ಪುಣ್ಯವಂತರು ಒಂದು ಕೈಯ ಬೆರಳುಗಳಿಗೆ ಸಾಕಾಗುವಷ್ಟು ಮಂದಿ. ಬೀದಿಯವರೆಲ್ಲ ಅವರನ್ನು ಮಾವ ಎಂದು ಕರೆದು ಕರೆದು, ಅವರ ಹೆಂಡತಿ ಯಾರ ಅಪ್ಪಣೆಯೂ ಇಲ್ಲದೆ ಎಲ್ಲರಿಗೂ ಅತ್ತೆಯಾಗಿದ್ದರು. ಇಂಥ ಮಾವ ಒಂದೂವರೆ ವರ್ಷ, ವಾರಕ್ಕೆ ಐದು ಸಂಜೆ, ಒಬ್ಬ ಕೆಟ್ಟ ನಟಿಯನ್ನು ಅತ್ತೆಯ ಮುಂದೆ ಹೊಗಳಿಕೊಂಡು ಬಂದರು. ಯಾಕೆ ಹೊಗಳಿದರು, ಹೇಗೆ ಸಿಕ್ಕಿಬಿದ್ದರು ಎಂಬುದನ್ನು ಹೇಳಬೇಕು.

ಮಾವನ ತಕರಾರುಗಳು ಸಣ್ಣ ಸಣ್ಣ ವಿಷಯದವು. ಪತ್ರ ಓದುವ ನಟಿಯ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಅವಳ ಕೈಯಲ್ಲಿರುವುದು ಖಾಲಿ ಕಾಗದ, ಅಲ್ಲಿಗೆ ಆ ಸಿನಿಮಾ ಮುಗಿಯಿತು. ಫೋನಿನಲ್ಲಿ ಮಾತಾಡುವವನು ಆ ಕಡೆಯವರಿಗೆ ಉಸಿರಾಡಲೂ ಬಿಡದೆ "ಏನು? ಅಪಘಾತವೇ? ಯಾವ ಆಸ್ಪತ್ರೆ?" ಎಂದರೆ ಮಾವ ಕುರ್ಚಿಯಲ್ಲೇ ಒದ್ದಾಡುತ್ತಿದ್ದರು. ಖಾಲಿ ಲೋಟದಿಂದ ಚಹಾ ಕುಡಿಯುವವರನ್ನಂತೂ ಅವರು ಇವತ್ತಿಗೂ ಕ್ಷಮಿಸಿಲ್ಲ. "ಅಳೋದು ಯಾರಿಗೆ ಬರಲ್ಲ? ಈರುಳ್ಳಿ ಹೆಚ್ಚಿದ್ರೆ ನಾನೂ ಅಳ್ತೀನಿ. ಬಂದ ಅಳು ನುಂಗೋದು ಹೇಗೆ ಅಂತ ತೋರಿಸಲಿ, ಆಗ ನಟ ಅಂತ ಒಪ್ತೀನಿ" ಎನ್ನುತ್ತಿದ್ದರು. ನನ್ನ ಕೇಳಿದರೆ ಅವರು ಹೇಳಿದ್ದು ಅಕ್ಷರಶಃ ಸರಿ. ಆದರೆ ಇಂಥವರ ಪಕ್ಕದ ಕುರ್ಚಿಯಲ್ಲಿ ಕೂತು ಸಿನಿಮಾ ನೋಡುವ ಶಿಕ್ಷೆ ಯಾರಿಗೂ ಬೇಡ.

ಆ ಕುರ್ಚಿ ಖಾಯಂ ಆಗಿ ಅತ್ತೆಯದು. ಅತ್ತೆಗೆ ಎಲ್ಲವೂ ಇಷ್ಟ. ಮನೆಯಲ್ಲೇ ಕೂತು ಬಟ್ಟೆ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅವರ ಕೆಲಸ. ದಿನವಿಡೀ ಕಣ್ಣು ಕಿರಿದು ಮಾಡಿಕೊಂಡು ಕೂತವರಿಗೆ ಅಷ್ಟು ದೊಡ್ಡ ಪರದೆಯ ಮೇಲೆ ಏನು ಬಂದರೂ ಸಂತೋಷವೇ. ಮೊದಲನೇ ಆಟ ಬಿಟ್ಟ ಮೇಲೆ ಇಬ್ಬರೂ ಮೂರು ಬೀದಿ ನಡೆದು ಮನೆಗೆ ಬರುತ್ತಿದ್ದರು. ಬಾಗಿಲು ಎಳೆಯುತ್ತಿದ್ದ ಅಂಗಡಿಗಳು, ಚಕ್ರ ಕಳಚಿ ಸೈಕಲ್ ರಿಪೇರಿ ಮಾಡುವವನು, ಮೂಲೆಯ ಔಷಧಿ ಅಂಗಡಿಯ ಹಸಿರು ದೀಪ. ಮೊದಲ ಬೀದಿಯಲ್ಲಿ ಮಾವ ನಾಯಕನನ್ನು ಮುಗಿಸುತ್ತಿದ್ದರು, ಎರಡನೆಯದರಲ್ಲಿ ನಾಯಕಿಯನ್ನು, ಮೂರನೆಯದರಲ್ಲಿ ಕಥೆ ಬರೆದವನನ್ನು. "ನಿಮ್ಮನ್ನೇನು ಟಿಕೆಟ್ ಕೊಟ್ಟು ತಪ್ಪು ಹುಡುಕೋಕೆ ಕಳಿಸಿದ್ದಾರಾ?" ಎಂದು ಅತ್ತೆ ಕೇಳುವ ಹೊತ್ತಿಗೆ ಮನೆಯ ಬಾಗಿಲು ಬಂದಿರುತ್ತಿತ್ತು. ಆ ಟಾಕೀಸಿನಲ್ಲಿ ಈಗ ನೆಲಕ್ಕೆ ಹಾಸುವ ಟೈಲ್ಸ್ ಮಾರುತ್ತಾರೆ. ಮಾವ ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಇವತ್ತಿಗೂ ಎದುರುಗಡೆಯ ಬದಿಯಲ್ಲಿ ನಡೆಯುತ್ತಾರೆ. ಯಾಕೆಂದು ಯಾರೂ ಕೇಳಿಲ್ಲ.

ಕಾದಂಬರಿಯೊಂದು ಸಿನಿಮಾ ಆದರೆ ಮಾವನ ಮಾತಿಗೆ ಇನ್ನೂ ಮೊನಚು. ಅದರಲ್ಲಿ ಅವರಿಗೆ ಯಾವ ವಿಮರ್ಶಕನಿಗೂ ಇಲ್ಲದ ಅಧಿಕಾರವಿತ್ತು. ಅವರ ಕೋಣೆಗೆ ಬರುವುದು ಓದಿ ಓದಿ ಸುಸ್ತಾದ ಪುಸ್ತಕಗಳು. ಒಂದೇ ಕಿಟಕಿ, ಗೋಡೆಗೆ ಆನಿಸಿದ ಹಲಗೆಗಳು, ಕಬ್ಬಿಣದ ಚಕ್ರ ತಿರುಗಿಸಿ ಬಿಗಿಯುವ ಒತ್ತುಯಂತ್ರ, ಬಕೆಟ್ಟಿನಲ್ಲಿ ಮೈದಾ ಹಿಟ್ಟಿನ ಅಂಟು. ಅಲ್ಲಿ ಪುಸ್ತಕದ ಹೊಲಿಗೆ ಬಿಚ್ಚಿದಾಗ ಜನ ಯಾವ ಪುಟದಲ್ಲಿ ಹೆಚ್ಚು ಹೊತ್ತು ನಿಂತಿದ್ದಾರೆ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಆ ಪುಟದ ಮೂಲೆ ಕಂದಾಗಿರುತ್ತದೆ, ಅಂಚು ಮೆತ್ತಗಾಗಿರುತ್ತದೆ, ಕೆಲವೊಮ್ಮೆ ಒಂದು ಹನಿ ಬಿದ್ದು ಒಣಗಿದ ಗುರುತಿರುತ್ತದೆ. "ಕಾದಂಬರೀನ ಸಿನಿಮಾ ಮಾಡೋದು ಅಂದ್ರೆ ನಮ್ಮ ಕೆಲಸದ ಥರಾನೇ. ಬಿಚ್ಚಿ ಮತ್ತೆ ಹೊಲೀಬೇಕು. ಅಂಚು ಕತ್ತರಿಸಿದ್ರೂ ನಡೆಯುತ್ತೆ. ಆದರೆ ಈ ನನ್ಮಕ್ಕಳು ಕೊಳೆಯಾದ ಪುಟಾನೇ ಕಿತ್ತು ಬಿಸಾಡ್ತಾರೆ" ಎಂದು ಅವರ ಗೊಣಗಾಟ.

ಅವರು ಹೀಗೆ ಮೂರು ಸಲ ರಟ್ಟು ಕಟ್ಟಿದ ಒಂದು ಕಾದಂಬರಿಯಿತ್ತು. ತಂದೆತಾಯಿ ಇಲ್ಲದ ಮನೆಯಲ್ಲಿ ನಾಲ್ಕು ಜನ ತಮ್ಮಂದಿರನ್ನು ಸಾಕುವ ದೊಡ್ಡಕ್ಕನ ಕಥೆ. ಅದರಲ್ಲಿ ಅತಿ ಹೆಚ್ಚು ಕೊಳೆಯಾದ ಪುಟದಲ್ಲಿ ಏನೂ ನಡೆಯುವುದಿಲ್ಲ. ಒಬ್ಬ ತಮ್ಮ ಜಗಳವಾಡಿ ಮನೆ ಬಿಟ್ಟು ಹೋಗಿರುತ್ತಾನೆ, ದೊಡ್ಡಕ್ಕ ಕೂತು ಒಗೆದ ಬಟ್ಟೆ ಮಡಚುತ್ತಾಳೆ, ಅಷ್ಟೆ. ಸಿನಿಮಾದಲ್ಲಿ ಆ ಪುಟವೇ ಇರಲಿಲ್ಲ. ಅದರ ಬದಲು ದೊಡ್ಡಕ್ಕ ರೈಲಿನ ಹಿಂದೆ ಓಡಿದಳು. ಒಮ್ಮೆ ಮಾತ್ರ, ಶಾಲೆಯ ಸಭಾಂಗಣದಲ್ಲಿ ಹವ್ಯಾಸಿಗಳು ಅದನ್ನು ನಾಟಕವಾಗಿ ಆಡಿದಾಗ, ಟೈಪಿಸ್ಟ್ ಕೆಲಸದ ಒಬ್ಬ ನಡುವಯಸ್ಸಿನ ಹೆಂಗಸು ನಾಲ್ಕು ನಿಮಿಷ ಬಾಯಿಬಿಡದೆ ಬಟ್ಟೆ ಮಡಚಿದ್ದರು. ಸಭೆಯಲ್ಲಿ ಯಾರೋ ಕೆಮ್ಮಿದ್ದು ಬಿಟ್ಟರೆ ಪಿಟ್ ಎನ್ನುವ ಸದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾವ ಯಾರನ್ನೂ ಬೈಯಲಿಲ್ಲ. ಬಾಗಿಲ ಬೀಗ ತೆಗೆಯುತ್ತಾ "ಪರವಾಗಿಲ್ಲ" ಎಂದರು. ಅತ್ತೆ ಅದನ್ನು ವರ್ಷಗಟ್ಟಲೆ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ನಕ್ಕರು.

ಕಾಲ ಸರಿಯಿತು. ಮಾವ ನಿವೃತ್ತರಾದರು, ಮಗಳು ಮದುವೆಯಾಗಿ ಊರಿನ ಆ ತುದಿಗೆ ಹೋದಳು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ದೊಡ್ಡದೇನಲ್ಲ, ಆದರೆ ಅತ್ತೆಯ ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಕಣ್ಣು ಮುಟ್ಟುವುದಿಲ್ಲ ಎಂದರು ಡಾಕ್ಟರು. ಇವತ್ತು ಇಳಿದರೆ ನಾಳೆ ಏರುವುದು, ಕಾಲಿನ ಗಾಯ ಮಾಯದೆ ಸತಾಯಿಸುವುದು, ಹೀಗೆ ದಿನ ಮುಂದೆ ಹೋಗುತ್ತಲೇ ಇತ್ತು. ಮೊದಲು ಸೂಜಿಯ ಕಣ್ಣು ಮಂಜಾಯಿತು, ಆಮೇಲೆ ಗುಂಡಿ, ಆಮೇಲೆ ಅಂಗಿಯೇ. ಕೊನೆಗೆ ಬೆಳಕು ಯಾವ ಕಡೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಗಟ್ಟಿ ಹೆಂಗಸು, ದೂರಲಿಲ್ಲ. ಸುಮ್ಮನೆ ಕೂತುಬಿಡುತ್ತಿದ್ದರು. ಮಾವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆಗಲೇ ದೊಡ್ಡಕ್ಕನ ಕಾದಂಬರಿ ಧಾರಾವಾಹಿಯಾಗಿ ಟೀವಿಗೆ ಬಂತು, ಸಂಜೆ ಏಳು ಗಂಟೆಗೆ. ಮಾತು ಅತ್ತೆಗೆ ಕೇಳುತ್ತಿತ್ತು, ಮಾತಿಲ್ಲದ ಕಡೆ ಏನಾಗುತ್ತಿದೆ ಎಂದು ಮಾವ ಹೇಳಬೇಕು, ಅದು ಒಪ್ಪಂದ. ಮೊದಲ ವಾರ ಮಾವ ಹೇಳಿದ್ದು ಹೀಗೆ: "ಕಣ್ಣು ಬಿಟ್ಟಳು. ಇನ್ನೂ ದೊಡ್ಡದಾಗಿ ಕಣ್ಣು ಬಿಟ್ಟಳು. ಇವಳಿಗೆ ಬರೋದು ಅದೊಂದೇ. ಮುಖಕ್ಕೆ ಬಣ್ಣ ಎಷ್ಟು ಮೆತ್ತಿದ್ದಾರೆ ಅಂದ್ರೆ ಕೆನ್ನೆ ಅಲ್ಲಾಡಿದ್ರೆ ಉದುರುತ್ತೆ ಅಂತ ಭಯ." ಐದನೇ ದಿನ ಅತ್ತೆ ಕೈ ಚಾಚಿ ಅವರ ಮೊಣಕೈ ಹುಡುಕಿ ಹಿಡಿದುಕೊಂಡರು.

"ರೀ, ನನಗೀಗ ನಿಮ್ಮ ಕಣ್ಣೇ ಗತಿ. ಅದರಲ್ಲೂ ಬರೀ ಕೆಟ್ಟದ್ದೇ ಕಾಣೋದಾದ್ರೆ ಟೀವಿ ಆರಿಸಿಬಿಡಿ. ಕತ್ತಲೆ ನನ್ನ ಹತ್ರ ಬೇಕಾದಷ್ಟಿದೆ."

ಮಾವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮಾರನೆಯ ವಾರದ ಮೊದಲ ಸಂಜೆ ತಮ್ಮ ಮನೆ ಬಿಟ್ಟು ಹೋಗುವ ಭಾಗ ಬಂತು. ತೆರೆಯ ಮೇಲೆ ಗುಡುಗು ಗುಡುಗಿತು, ಕ್ಯಾಮರಾ ಮೂರು ಸಲ ನಟಿಯ ಮೂಗಿನ ತನಕ ಹೋಗಿ ಬಂತು. ಮಾವ ಗಂಟಲು ಸರಿಮಾಡಿಕೊಂಡರು. "ದೊಡ್ಡಕ್ಕ ಒಂದು ಮಾತೂ ಆಡಲಿಲ್ಲ. ಒಗೆದ ಬಟ್ಟೆ ರಾಶಿ ಮುಂದೆ ಕೂತಿದ್ದಾಳೆ. ಒಂದೊಂದೇ ಮಡಚ್ತಿದ್ದಾಳೆ. ಹೋದವನ ಅಂಗಿ ಕೈಗೆ ಬಂತು. ಅದನ್ನೂ ಮಡಚಿದಳು. ಬೇರೆ ಇಡಲಿಲ್ಲ, ಎಲ್ಲರ ಬಟ್ಟೆ ಜೊತೆಗೇ ಇಟ್ಟಳು."

"ಗುಡುಗು ಯಾಕ್ರೀ ಬಂತು?"

"ಅದು ಹಿನ್ನೆಲೆ ಸಂಗೀತ. ಅದನ್ನ ಬಿಡು."

ಅತ್ತೆ ಕೆನ್ನೆ ಒರೆಸಿಕೊಂಡರು. "ಚೆನ್ನಾಗಿ ಮಾಡ್ತಾಳೆ ಅಲ್ವಾ?"

"ಪರವಾಗಿಲ್ಲ" ಅಂದರು ಮಾವ. ಜೀವಮಾನದಲ್ಲಿ ಹೇಳಿದ ಮೊದಲ ಸುಳ್ಳು ವಿಮರ್ಶೆ.

ಅಲ್ಲಿಗೆ ನಿಂತಿತೇ? ಮೂರು ತಿಂಗಳು ಕಾದಂಬರಿ ಅವರ ಕೈಹಿಡಿಯಿತು. ಆಮೇಲೆ ಧಾರಾವಾಹಿಯವರು ಕಾದಂಬರಿಯನ್ನು ಬೀದಿಯಲ್ಲಿ ಬಿಟ್ಟು, ಕಳೆದುಹೋದ ಅವಳಿಜವಳಿಗಳನ್ನೂ ವಿಷದ ಬಾಟಲಿಯನ್ನೂ ಕರೆತಂದರು. ಮಾವ ಹೆದರಲಿಲ್ಲ. ಮಾತೆಲ್ಲ ತೆರೆಯದು, ಮೌನವೆಲ್ಲ ತಮ್ಮದು ಎಂದು ಹೊರಟೇಬಿಟ್ಟರು. ಅವರ ದೊಡ್ಡಕ್ಕ ಸಿಟ್ಟು ಬಂದಾಗ ಕಿರುಚುತ್ತಿರಲಿಲ್ಲ, ಒಣಗಿದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ದಾರದ ತುದಿಯನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಯಾರಾದರೂ ಬರುವುದು ತಡವಾದರೆ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದಳು. ಇವೆಲ್ಲ ಎಲ್ಲಿಂದ ಬರುತ್ತಿವೆ ಎಂದು ಮಾವ ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ, ಬಾಯಿ ತೆರೆದರೆ ಬರುತ್ತಿದ್ದವು. ಒಂದು ದಿನ ಕಿರಿಯ ತಮ್ಮ ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಬಂದ. ತೆರೆಯ ಮೇಲಿನ ನಟಿ ಎಂದಿನಂತೆ ಕಣ್ಣು ಬಿಟ್ಟಳು. ಮಾವ ಹೇಳಿದರು: "ದೊಡ್ಡಕ್ಕ ನಕ್ಕಳು. ಹಲ್ಲು ಬಿಟ್ಟಲ್ಲ. ಮೊದಲು ಕಣ್ಣಲ್ಲಿ ಬಂತು, ಆಮೇಲೆ ತುಟಿಗಿಳೀತು. ಅವನು ತಲೆ ಎತ್ತಿದಾಗೆಲ್ಲ ಅಲ್ಲೇ ಇದೆ ನಗು, ಎಲ್ಲೂ ಹೋಗಿಲ್ಲ. ನಟನೆಯಲ್ಲಿ ಬರೋ ನಗು ಅಲ್ಲ ಇದು, ನಿಜ." ಆವತ್ತು ಅತ್ತೆ ಕುಡಿಯಲು ನೀರು ಕೇಳಿದರು, ಅಷ್ಟೆ.

ಉಳಿದ ದಿನ ಮಾತ್ರ ಅತ್ತೆಯ ಮುಖ ನೋಡುವಂತಿರುತ್ತಿತ್ತು. ನಗು ಬಂದರೆ ಬಾಯಿಗೆ ಕೈ ಅಡ್ಡ ಇಡುತ್ತಿರಲಿಲ್ಲ, ಅಳು ಬಂದರೆ ಹಾಗೇ ಹರಿಯಲು ಬಿಡುತ್ತಿದ್ದರು. ಏಳು ಗಂಟೆಗೆ ಮುಂಚೆಯೇ ಮುಖ ತೊಳೆದು, ತಲೆ ಬಾಚಿಕೊಂಡು, ಟಾಕೀಸಿಗೆ ಹೊರಟವರಂತೆ ಬಂದು ಕೂರುತ್ತಿದ್ದರು. ಮಾವ ತೆರೆಯನ್ನು ನೋಡುವುದು ಕಡಿಮೆ ಮಾಡಿ ಅವರನ್ನೇ ನೋಡತೊಡಗಿದರು. ಒಂದು ಬುಧವಾರ ಹೇಳದೆ ಕೇಳದೆ ಬಂದ ಮಗಳು ಬಾಗಿಲಲ್ಲಿ ನಿಂತು ಒಮ್ಮೆ ಟೀವಿ ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ತೆರೆಯ ಮೇಲೆ ದೊಡ್ಡಕ್ಕ ಯಾರಿಗೋ ಕಪಾಳಮೋಕ್ಷ ಮಾಡುತ್ತಿದ್ದಳು, ಅಪ್ಪ "ಕಿಟಕಿ ಹತ್ರ ಹೋಗಿ ಬೆನ್ನು ತಿರುಗಿಸಿ ನಿಂತಳು" ಎನ್ನುತ್ತಿದ್ದರು. "ಅಪ್ಪಾ, ಎಲ್ಲಿ..." ಎಂದವಳಿಗೆ ಮಾವ ಕೈಮುಗಿದು ಬಿಟ್ಟರು. ಅಡುಗೆಮನೆಯಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮನಿಗೆ ಕಣ್ಣು ಬಂದ ದಿನ ನಿಮ್ಮ ಕಥೆ ಮುಗೀತು ಅಪ್ಪಾ."

ನಗೆಯ ಮಾತೇ, ಆದರೆ ಮಾವನಿಗೆ ಚಳಿ ಹಿಡಿದದ್ದು ಆವತ್ತು. ಸುಳ್ಳು ಬಯಲಾಗುತ್ತದಲ್ಲ ಎಂಬ ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಕಣ್ಣಿಲ್ಲದವಳನ್ನು ಕೂರಿಸಿಕೊಂಡು ಇಷ್ಟು ದಿನ ಆಟವಾಡಿಸಿದರು ಎಂದು ಅವಳಿಗೆ ಅನಿಸಿಬಿಟ್ಟರೆ? ಅವಳು ನಕ್ಕಿದ್ದು, ಅತ್ತಿದ್ದು ಎಲ್ಲ ಇಲ್ಲದ ಹೆಂಗಸಿಗಾಗಿ ಎಂದು ತಿಳಿದರೆ ಆ ಸಂಜೆಗಳಷ್ಟೂ ಒಂದೇ ಏಟಿಗೆ ಸುಳ್ಳಾಗುತ್ತವೆ. ಹೆಂಡತಿಗೆ ಕಣ್ಣು ಬರಲಿ ಎಂದು ಹಗಲಿಡೀ ಹಾರೈಸುವ ಗಂಡ, ಸಂಜೆ ಏಳಕ್ಕೆ ಮಾತ್ರ ಇನ್ನೊಂದು ವಾರ ತಡವಾಗಲಿ ಎಂದುಕೊಳ್ಳುತ್ತಿದ್ದ. ತಮ್ಮ ಈ ನೀಚತನಕ್ಕೆ ತಾವೇ ಹೇಸಿಕೊಂಡರು ಪಾಪ.

ಕೊನೆಗೂ ಸಕ್ಕರೆ ಇಳಿಯಿತು, ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ಮಾವನ ಅಂಗಿಯನ್ನು. "ಮೇಲಿನ ಗುಂಡಿಗೆ ಯಾರ್ರೀ ಬೇರೆ ಬಣ್ಣದ ದಾರ ಹಾಕಿದ್ದು?" ಮಗಳು ಅತ್ತಳು, ಮಾವನೂ ಅತ್ತರು. ಹತ್ತು ದಿನ ಟೀವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದೇ ಮಾವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಧಾರಾವಾಹಿ ಮುಗಿಯಬಹುದು ಎಂದು ಪೇಪರು ತಿರುವಿದರು. ಇನ್ನೂ ಇನ್ನೂರು ಕಂತು ಇದೆಯಂತೆ! ಒಂಬತ್ತನೇ ದಿನ ಟೀವಿಯ ಹಿಂದಿನ ವೈರು ಕಿತ್ತರು. ಹತ್ತನೇ ದಿನ ಬೆಳಿಗ್ಗೆ ತಾವೇ ಹೋಗಿ ಸಿಕ್ಕಿಸಿದರು. ಕಳ್ಳತನ ಅವರ ಜಾಯಮಾನವಲ್ಲ. ಎಲ್ಲ ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದು ಮೂರು ಸಲವೂ ಹವಾಮಾನದ ವಿಷಯ ಮಾತಾಡಿದರು.

ಏಳು ಗಂಟೆಯಾಯಿತು. ಅತ್ತೆ ತಲೆ ಬಾಚಿಕೊಂಡು ಬಂದು ಕೂತರು. ಮಾವ ಮಾತಾಡಲಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ. ತೆರೆಯ ಮೇಲೆ ದೊಡ್ಡಕ್ಕ ಕಣ್ಣು ಬಿಟ್ಟಳು, ಗುಡುಗು ಬಂತು, ಕ್ಯಾಮರಾ ಮೂಗಿನ ತನಕ ಹೋಗಿ ಬಂತು. ಅತ್ತೆ ಜಾಹೀರಾತನ್ನೂ ಬಿಡದೆ ಅರ್ಧ ಗಂಟೆ ನೋಡಿದರು.

"ಇವಳಾ ದೊಡ್ಡಕ್ಕ?"

"ಇವತ್ತು ಯಾಕೋ ಸರಿಯಿಲ್ಲ. ಮೈ ಹುಷಾರಿಲ್ಲವೇನೋ" ಎಂದರು ಮಾವ. ಧ್ವನಿ ತಮ್ಮದೇ ಎಂದು ಅವರಿಗೇ ನಂಬಿಕೆ ಬರಲಿಲ್ಲ.

"ಸಾಕು ಸುಮ್ಮನಿರಿ. ಒಣಗಿದ ಪಾತ್ರೆ ಒರೆಸೋದು ಯಾರು, ದಾರ ಕಚ್ಚಿಕೊಂಡು ಕೂರೋದು ಯಾರು, ನನಗೆ ಗೊತ್ತಿಲ್ವಾ? ನಾನು ಮಾಡೋದನ್ನ ನಾನು ನೋಡಿಲ್ಲ ನಿಜ, ಆದ್ರೆ ಕೇಳಿದ್ರೆ ಗುರುತು ಸಿಗಲ್ವಾ?"

ಮಗಳ ಮುಂದೆ, ಡಾಕ್ಟರ ಮುಂದೆ, ದೇವರ ಮುಂದೆ ಹೇಳಲು ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಮಾವನಿಗೆ ನೆನಪಿಗೆ ಬರಲಿಲ್ಲ. "ಗೊತ್ತಿದ್ರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನಾಚಿಕೊಂಡು ನಿಲ್ಲಿಸಿಬಿಡ್ತಿದ್ರಿ. ನಲವತ್ತು ವರ್ಷ ತೆರೆ ಕಡೆಗೇ ಮುಖ ಮಾಡಿಕೊಂಡಿದ್ದ ಮನುಷ್ಯ, ಇಷ್ಟೆಲ್ಲ ಯಾವಾಗ ನೋಡಿದ್ರು ಅಂತ ಆಶ್ಚರ್ಯ ಆಗ್ತಿತ್ತು. ದಿನಾ ಕಾಯ್ತಾ ಕೂತಿದ್ದೆ, ಇವತ್ತು ನಂದು ಯಾವುದು ಬರುತ್ತೆ ಅಂತ." ಅತ್ತೆ ಅವರ ಕಡೆ ತಿರುಗಿದರು. "ಒಂದು ಕಡೆ ಮಾತ್ರ ತಪ್ಪು ಹೇಳಿದ್ರಿ. ತಮ್ಮ ಫೇಲಾಗಿ ಬಂದಾಗ ನಿಜ ಅಂದ್ರಲ್ಲ, ಆ ನಗು. ಅದು ನಮ್ಮ ಗ್ರಂಥಾಲಯದ ನಾಟಕದ ದಿನದ್ದಲ್ವಾ?"

ಇದನ್ನು ಇಷ್ಟು ಹೊತ್ತು ನಾನು ಹೇಳದೆ ಉಳಿಸಿದ್ದು ಮಾವನ ಮಾನ ಉಳಿಸಲು. ಅವರೂ ಒಮ್ಮೆ ನಟಿಸಿದ್ದರು. ಗ್ರಂಥಾಲಯಕ್ಕೆ ಐವತ್ತು ವರ್ಷ ತುಂಬಿದಾಗ ಒಂದು ಕಥೆಯನ್ನು ತಾವೇ ನಾಟಕ ಮಾಡಿ, ಮುಖ್ಯ ಪಾತ್ರವನ್ನೂ ತಾವೇ ಹಾಕಿದರು. ನಟರು ಖಾಲಿ ಪೆಟ್ಟಿಗೆ ಹಿಡಿಯುತ್ತಾರೆಂಬ ಸಿಟ್ಟಿಗೆ ಪೆಟ್ಟಿಗೆ ತುಂಬ ನಿಜವಾದ ಪುಸ್ತಕ ತುಂಬಿದ್ದರು. ಮನೆ ಬಿಟ್ಟು ಹೋಗುವ ದೃಶ್ಯದಲ್ಲಿ ಅದು ಮೇಲೇಳಲಿಲ್ಲ. ಎಳೆದರು, ಜಗ್ಗಿದರು, ಹಿಡಿ ಕಿತ್ತು ಬಂತು. ಮಾತು ಮರೆತುಹೋಯಿತು. ಸಭೆ ಕೇಕೆ ಹಾಕಿತು. ಆಗ ಎರಡನೇ ಸಾಲಿನಲ್ಲಿ, ಮದುವೆಯಾಗಿ ವರ್ಷವೂ ತುಂಬದ ಹೆಂಡತಿ, ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎನ್ನುವಂತೆ ನಗುತ್ತಿದ್ದಳು. ಆ ಮುಖ ನೋಡಿಕೊಂಡೇ ಮಾವ ನಾಟಕ ಮುಗಿಸಿದರು. ಮತ್ತೆ ರಂಗ ಹತ್ತಲಿಲ್ಲ ನಿಜ, ಆದರೆ ಒಬ್ಬರಿಗಾದರೂ ಹಿಡಿಸಿತ್ತು ಎಂಬ ಸಮಾಧಾನದಲ್ಲಿ ಇಷ್ಟು ವರ್ಷ ಕಳೆದಿದ್ದರು.

"ಹೌದು, ಆ ದಿನದ್ದೇ" ಎಂದರು ಮಾವ.

"ಅದು ನಟನೆ ರೀ. ಅಷ್ಟು ಕೆಟ್ಟ ನಾಟಕ ನಾನು ಆಮೇಲೂ ನೋಡಿಲ್ಲ. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ನಾನೂ ಮುಖ ತಗ್ಗಿಸಿದ್ರೆ ನೀವು ಅಲ್ಲೇ ಕುಸಿದುಬಿಡ್ತಿದ್ರಿ."

ಖಾಲಿ ಲೋಟವನ್ನು ಹತ್ತನೇ ಸಾಲಿನಿಂದ ಗುರುತು ಹಿಡಿಯುತ್ತಿದ್ದ ಮನುಷ್ಯ ಹೆಂಡತಿಯನ್ನೇ ನೋಡುತ್ತಾ ಕೂತರು. "ಎರಡು ಗಂಟೆ ಪೂರ್ತಿ?"

"ಮಧ್ಯಂತರದಲ್ಲಿ ಸ್ವಲ್ಪ ದವಡೆ ತಿಕ್ಕಿಕೊಂಡೆ."

ಮಾವನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಬೇರೆ ಏನೋ ಹೊಳೆಯಿತು. ಕೇಳಲೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಕೇಳಿದರು. "ಮತ್ತೆ... ಬೇರೆ ಎಲ್ಲೆಲ್ಲಿ ನಟಿಸಿದ್ದೀಯ?"

ಅತ್ತೆ ಹೊಸ ಕಣ್ಣಲ್ಲಿ ಅವರನ್ನು ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬೇಕಾದಷ್ಟು ಕಡೆ. ಸಂಸಾರ ಅಲ್ವಾ? ಆದ್ರೆ ಈ ಒಂದೂವರೆ ವರ್ಷ ಇಲ್ಲ. ಎದುರಿಗಿರೋರ ಮುಖ ಕಾಣದೆ ನಟಿಸೋದು ಹೇಗೆ? ನೀವು ಹೇಳ್ತಾ ಇದ್ದಾಗ ನಕ್ಕಿದ್ದು ನಕ್ಕಿದ್ದೇ, ಅತ್ತಿದ್ದು ಅತ್ತಿದ್ದೇ."